ಅಂಜನಾದ್ರಿ ಹತ್ತುವವರಿಗೆ ಡಾರ್ವಿನ್ ಅಡ್ಡ ಬರ್ತಾನಾ?

ಪ್ರಶ್ನೆ: ಸರ್, ನಾನು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಶನಿವಾರ ಆದಷ್ಟೂ ತಪ್ಪಿಸದೆ ಅಂಜನಾದ್ರಿ ಹತ್ತುತ್ತೇನೆ. ಮಗ ಸೆಕೆಂಡ್ ಪಿಯುಸಿ ಸೈನ್ಸ್. ಮೊನ್ನೆ ಊಟಕ್ಕೆ ಕೂತಾಗ, "ಅಪ್ಪಾ, ನಾವೆಲ್ಲ ಮಂಗನಿಂದ ಬಂದವರು. ನೀನು ಸುಮ್ನೆ 575 ಮೆಟ್ಟಿಲು ಹತ್ತಿ ಮೊಣಕಾಲು ಕೆಡಿಸಿಕೊಳ್ತೀಯ" ಅಂದ. ನಮ್ಮ ಅವ್ವ ತಟ್ಟೆ ಬಿಟ್ಟು ಎದ್ದಳು. ಹಾಗಾದರೆ ಬೆಟ್ಟದ ಮೇಲಿನ ಮಂಗಗಳು ಇನ್ನೂ ಯಾಕೆ ಮನುಷ್ಯರಾಗಿಲ್ಲ ಅಂತ ನಾನು ಕೇಳಿದೆ. ಅವನ ಹತ್ತಿರ ಉತ್ತರ ಇರಲಿಲ್ಲ. ವಿಜ್ಞಾನ ಒಪ್ಪಿದರೆ ದೇವರನ್ನು ಬಿಡಬೇಕಾ? ಮುಂದೆ ಮನುಷ್ಯ ಏನಾಗ್ತಾನೆ? ನೀವು ಏನು ನಂಬ್ತೀರಿ ಅನ್ನೋದನ್ನೂ ಬರೀರಿ.

ಉತ್ತರ: ಮೊದಲು ಮಂಗನ ವಿಷಯ ಮುಗಿಸೋಣ. ನಿಮ್ಮ ಮಗ ಹೇಳಿದ್ದು ಅರ್ಧ ಸರಿ. ನೀವು ಕೇಳಿದ್ದು ಪೂರ್ತಿ ಸರಿಯಾದ ಪ್ರಶ್ನೆ.

ಅಂಜನಾದ್ರಿಯಲ್ಲಿ ನಿಮ್ಮ ಕೈಯಿಂದ ತೆಂಗಿನಕಾಯಿ ಹೋಳು ಕಸಿಯುವ ಕೆಂಪು ಮುಖದ ಮಂಗನಿಂದ ಯಾರೂ ಹುಟ್ಟಿ ಬಂದಿಲ್ಲ. ಅದಕ್ಕೂ ನಮಗೂ ಒಬ್ಬರೇ ಹಿರಿಯರು ಇದ್ದರು, ಸುಮಾರು ಎರಡೂವರೆಯಿಂದ ಮೂರು ಕೋಟಿ ವರ್ಷಗಳ ಹಿಂದೆ. ಆ ಹಿರಿಯ ಪ್ರಾಣಿ ಇವತ್ತಿನ ಮಂಗನೂ ಅಲ್ಲ, ಮನುಷ್ಯನೂ ಅಲ್ಲ. ಅಲ್ಲಿಂದ ಎರಡು ಮನೆತನ ಬೇರೆಯಾದವು. ಒಂದು ಮನೆತನದಲ್ಲಿ ಈ ಮಂಗ ಬಂತು, ಕಪ್ಪು ಮುಖದ ಮುಸಿಯ ಬಂತು. ಇನ್ನೊಂದರಲ್ಲಿ ಗಿಬ್ಬನ್, ಒರಾಂಗುಟಾನ್, ಗೊರಿಲ್ಲಾ, ಚಿಂಪಾಂಜಿ, ಕೊನೆಗೆ ನಾವು. ಚಿಂಪಾಂಜಿಯಿಂದ ನಾವು ಬೇರೆಯಾಗಿದ್ದು ಸುಮಾರು 60-70 ಲಕ್ಷ ವರ್ಷಗಳ ಹಿಂದೆ. ನಿಮ್ಮ ದೊಡ್ಡಪ್ಪನ ಮಕ್ಕಳು ಯಾಕೆ ಇನ್ನೂ ನೀವಾಗಿಲ್ಲ ಅಂತ ಯಾರೂ ಕೇಳುವುದಿಲ್ಲ ಅಲ್ವಾ? ಇದೂ ಅಷ್ಟೇ. ಆ ಮಂಗವೂ ಮೂರು ಕೋಟಿ ವರ್ಷ ಸುಮ್ಮನೆ ಕೂತಿಲ್ಲ. ಬಂಡೆ, ಮರ, ಈಗ ದೇವಸ್ಥಾನದ ಮೆಟ್ಟಿಲು, ಎಲ್ಲಿ ಹಾಕಿದರೂ ಬದುಕುವಂಥ ಮಂಗನಾಗಿ ತಯಾರಾಗಿದೆ.

ಇದನ್ನೆಲ್ಲ ನಂಬುವುದು ಹೇಗೆ, ಯಾರು ನೋಡಿ ಬಂದಿದ್ದಾರೆ ಅಂತ ಮುಂದೆ ಕೇಳುತ್ತೀರಿ. ನಾನು ಬಳ್ಳಾರಿಯಲ್ಲಿ ವರ್ಷಗಟ್ಟಲೆ ಪ್ರಾಣಿಶಾಸ್ತ್ರ ಪಾಠ ಮಾಡಿದವನು. ಈ ಪ್ರಶ್ನೆ ಬಾರದ ಕ್ಲಾಸೇ ಇರಲಿಲ್ಲ. ಮೂಳೆ, ಪಳೆಯುಳಿಕೆ ಎಲ್ಲ ಇವೆ. 1974ರಲ್ಲಿ ಇಥಿಯೋಪಿಯಾದಲ್ಲಿ ಸಿಕ್ಕ, ಲೂಸಿ ಅಂತ ಹೆಸರಿಟ್ಟ, 32 ಲಕ್ಷ ವರ್ಷ ಹಳೆಯ ಹೆಣ್ಣಿನ ಅಸ್ಥಿಪಂಜರ ಇದೆ. ಎರಡು ಕಾಲಿನ ಮೇಲೆ ನಡೆಯುತ್ತಿದ್ದಳು, ಮಿದುಳು ಮಾತ್ರ ಚಿಂಪಾಂಜಿಯದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಆದರೆ ಲೆಕ್ಕ ಬರೆಯುವ ನಿಮಗೆ ಬೇರೆ ಸಾಕ್ಷಿ ಹೇಳುತ್ತೇನೆ.

ಆಡು, ಎಮ್ಮೆ, ನಾಯಿ, ಬೆಕ್ಕು ನಿಂಬೆಹಣ್ಣು ತಿನ್ನುವುದಿಲ್ಲ. ಆದರೂ ಅವಕ್ಕೆ ವಿಟಮಿನ್ ಸಿ ಕೊರತೆ ಆಗುವುದಿಲ್ಲ. ತಮ್ಮ ಲಿವರಿನಲ್ಲೇ ಅದನ್ನು ಮಾಡಿಕೊಳ್ಳುತ್ತವೆ. ನಮಗೆ ಆಗುವುದಿಲ್ಲ. ತಿಂಗಳುಗಟ್ಟಲೆ ಹಣ್ಣು, ಸೊಪ್ಪು ಸಿಗದಿದ್ದರೆ ನಮ್ಮ ವಸಡಿನಲ್ಲಿ ರಕ್ತ ಬರುತ್ತದೆ, ಗಾಯ ಮಾಯುವುದಿಲ್ಲ. ಇದಕ್ಕೆ ಕಾರಣ ಒಂದು ಜೀನ್, ಅಂದರೆ ಅಪ್ಪ-ಅಮ್ಮನಿಂದ ಮಕ್ಕಳಿಗೆ ಇಳಿಯುವ ಬರಹದ ಒಂದು ತುಂಡು. ವಿಟಮಿನ್ ಸಿ ತಯಾರಾಗುವ ಕೊನೆಯ ಹಂತಕ್ಕೆ ಬೇಕಾದ ಜೀನ್ ನಮ್ಮ ಮೈಯಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಬೆಟ್ಟದ ಮೇಲಿನ ಮಂಗನಲ್ಲೂ ಅದೇ ಜೀನ್ ಕೆಟ್ಟಿದೆ, ಚಿಂಪಾಂಜಿಯಲ್ಲೂ ಕೆಟ್ಟಿದೆ. ಗಿನಿಪಿಗ್‌ನಲ್ಲೂ ಇದು ಕೆಟ್ಟಿದೆ. ಆದರೆ ಅದು ಕೆಟ್ಟ ಬಗೆ ಬೇರೆ, ನಮ್ಮದಕ್ಕೆ ತಾಳೆಯಾಗುವುದಿಲ್ಲ.

ನಿಮ್ಮ ಮಿಲ್ಲಿನಲ್ಲಿ ಎರಡು ಕಿರ್ದಿ ಪುಸ್ತಕ ಇವೆ ಅಂತ ಇಟ್ಟುಕೊಳ್ಳಿ. ಎರಡರಲ್ಲೂ ಮೊತ್ತ ಸರಿ ಇದ್ದರೆ ಒಂದನ್ನು ನೋಡಿ ಇನ್ನೊಂದು ಬರೆದರಾ, ಬೇರೆ ಬೇರೆ ಕೂತು ಬರೆದರಾ ಗೊತ್ತಾಗುವುದಿಲ್ಲ. ಎರಡರಲ್ಲೂ ಅದೇ ಪುಟದ ಅದೇ ಸಾಲಿನಲ್ಲಿ ಅದೇ ತಪ್ಪು ಕಂಡರೆ? ನೀವು ಆಗಲೇ ನಕ್ಕಿರುತ್ತೀರಿ.

ಇನ್ನೊಂದು ಸಾಕ್ಷಿ ಕ್ರೋಮೋಸೋಮ್‌ಗಳದ್ದು, ಅಂದರೆ ಜೀನುಗಳನ್ನು ಹೊತ್ತ ದಾರದಂಥ ಎಳೆಗಳದ್ದು. ಚಿಂಪಾಂಜಿ, ಗೊರಿಲ್ಲಾಗಳಿಗೆ 48, ನಮಗೆ 46, ಅಂದರೆ ಒಂದು ಜೋಡಿ ಕಡಿಮೆ. ಉಳಿದ ಎರಡು ಎಲ್ಲಿ ಹೋದವು? ಎಲ್ಲೂ ಹೋಗಿಲ್ಲ. ನಮ್ಮ ಎರಡನೇ ನಂಬರಿನ ಕ್ರೋಮೋಸೋಮ್ ಜೋಡಿ ಹಿಂದೆ ಎರಡು ಜೋಡಿಯಾಗಿದ್ದು, ತುದಿಗೆ ತುದಿ ಅಂಟಿ ಒಂದಾಗಿದೆ. ಸಾಮಾನ್ಯವಾಗಿ ಕ್ರೋಮೋಸೋಮಿನ ಎರಡು ತುದಿಯಲ್ಲಿ ಮಾತ್ರ ಇರಬೇಕಾದ ಬರಹ ಇದರ ನಡುವೆಯೂ ಇದೆ. ಅಂಟಿದ ಜಾಗ ಅದೇ ಅಂತ 1991ರಲ್ಲಿ ಪತ್ತೆ ಹಚ್ಚಿದರು. ಜೀವಿಗಳು ಹೀಗೆ ಒಂದೇ ಹಿರಿಯರಿಂದ ಕವಲೊಡೆದು ಬಂದವು ಅಂತ ಡಾರ್ವಿನ್ 1859ರಲ್ಲಿ ಪುಸ್ತಕ ಬರೆದಾಗ ಜೀನ್ ಅನ್ನುವ ಮಾತೂ ಇರಲಿಲ್ಲ, ಕ್ರೋಮೋಸೋಮನ್ನು ಎಣಿಸಿದವರೂ ಇರಲಿಲ್ಲ. ಆತ ಹೇಳಿದ್ದು ತಪ್ಪಾಗಿದ್ದರೆ ಅದನ್ನು ಬಯಲು ಮಾಡಲು ಇಂಥ ನೂರು ಅವಕಾಶ ಇದ್ದವು. ಒಂದೊಂದು ಹೊಸ ಸಾಕ್ಷಿ ಬಂದಾಗಲೂ ಮಾತು ಗಟ್ಟಿಯಾಗುತ್ತಲೇ ಹೋಯಿತು.

ನಮ್ಮ ಕಡೆ ಜಾಸ್ತಿ ಕೇಳುವ ಒಂದು ತಪ್ಪು ತಿಳಿವಳಿಕೆ ಇದೆ. ಬಾಲ ಬಳಸದೆ ಬಿಟ್ಟಿದ್ದಕ್ಕೆ ಬಾಲ ಹೋಯಿತು, ಮೊಬೈಲ್ ನೋಡಿ ನೋಡಿ ಮುಂದೆ ಹೆಬ್ಬೆರಳು ಉದ್ದ ಆಗುತ್ತೆ, ಹೀಗೆ. ವಿಕಾಸ ಆ ಥರ ನಡೆಯುವುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದು ಬಣ್ಣಕ್ಕೆ ತಿರುಗಿದ, ಕಾಲು ಸೊಟ್ಟಗಾದ ಜನರನ್ನು ನೀವೂ ನೋಡಿದ್ದೀರಿ. ಅವರ ಮಕ್ಕಳಿಗೂ ಹಾಗೇ ಆದರೆ ಅಪ್ಪನ ಸೊಟ್ಟ ಕಾಲು ಮಗನಿಗೆ ಬಂತು ಅನ್ನುತ್ತಾರೆ. ಬಂದಿದ್ದು ಕಾಲಲ್ಲ, ಅದೇ ಕೊಳವೆಬಾವಿ. ನೀರು ಬದಲಾಯಿಸಿ ನೋಡಿ, ಮುಂದೆ ಹುಟ್ಟುವ ಮಕ್ಕಳು ನೆಟ್ಟಗೆ ಬೆಳೆಯುತ್ತಾರೆ. ಬದುಕಿದ್ದಾಗ ಮೈಗೆ ಆದ ಗಾಯ, ಗಳಿಸಿದ ತಾಕತ್ತು ಜೀನಿಗೆ ಇಳಿಯುವುದಿಲ್ಲ. ಹುಟ್ಟುವಾಗಲೇ ಆಕಸ್ಮಿಕವಾಗಿ ಬಂದ ಸಣ್ಣಪುಟ್ಟ ವ್ಯತ್ಯಾಸಗಳಲ್ಲಿ, ಯಾವುದು ಇದ್ದವರು ಜಾಸ್ತಿ ಮಕ್ಕಳನ್ನು ಉಳಿಸಿಕೊಂಡರೋ ಆ ವ್ಯತ್ಯಾಸ ಮುಂದಿನ ತಲೆಮಾರಿನಲ್ಲಿ ಜಾಸ್ತಿ ಕಾಣುತ್ತದೆ. ಇಷ್ಟೇ ಕೆಲಸ, ಲಕ್ಷ ಲಕ್ಷ ವರ್ಷ.

ಈಗ ದೇವರ ಮಾತು.

ಹಂಪಿ ಹತ್ತಿರ ನಿಂಬಾಪುರದಲ್ಲಿ ಒಂದು ಬೂದಿ ದಿಬ್ಬ ಇದೆ. ರಾಮ ಕೊಂದ ವಾಲಿಯನ್ನು ಸುಟ್ಟ ಜಾಗ ಅದು ಅಂತ ಜನ ಹೇಳುತ್ತಾರೆ. ಇಂಥ ದಿಬ್ಬಗಳು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಕುಡತಿನಿಯ ಹತ್ತಿರ ಒಂದು ದೊಡ್ಡದಿದೆ. (ಅದೇ ಕುಡತಿನಿಯಲ್ಲಿ ಈಗ ಥರ್ಮಲ್ ಪ್ಲಾಂಟ್ ಕಲ್ಲಿದ್ದಲು ಸುಟ್ಟು ದಿನಾ ಹೊಸ ಬೂದಿ ತೆಗೆಯುತ್ತಿದೆ. ಮುಂದೆ ಅದನ್ನು ಯಾವ ರಾಕ್ಷಸನ ಲೆಕ್ಕಕ್ಕೆ ಬರೆಯುತ್ತಾರೋ!) ಪುರಾತತ್ವದವರು ಈ ದಿಬ್ಬಗಳ ಬೂದಿಯನ್ನು ಪರೀಕ್ಷೆ ಮಾಡಿದರು. ಅದು ದನದ ಸಗಣಿ. ಹಟ್ಟಿಯಲ್ಲಿ ರಾಶಿ ಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಕೊಟ್ಟಿದ್ದಾರೆ. ಕೆಲವು ಕಡೆ ಶಾಖಕ್ಕೆ ಬೂದಿ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ. ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೇ ಸಿಕ್ಕವು. ಸುಮಾರು 4-5 ಸಾವಿರ ವರ್ಷ ಹಿಂದಿನ ದನಗಾಹಿಗಳ ಕೆಲಸ ಇದು. ಯಾಕೆ ಸುಟ್ಟರು ಅನ್ನುವುದರಲ್ಲಿ ಪಂಡಿತರಿಗೆ ಇನ್ನೂ ಒಮ್ಮತ ಇಲ್ಲ. ಹಬ್ಬಕ್ಕೋ ಹರಕೆಗೋ ಸುಟ್ಟಿರಬೇಕು ಅನ್ನುವವರು ಇದ್ದಾರೆ.

ಇಲ್ಲಿ ನನ್ನ ಮಾತು ಇಷ್ಟು: ಬೂದಿಯ ಬಗ್ಗೆ ಏನಾದರೂ ಹೇಳಿದರೆ ಅದಕ್ಕೆ ಬೂದಿಯೇ ಸಾಕ್ಷಿ ಹೇಳಬೇಕು. ಇದು ವಾಲಿಯ ಚಿತೆ ಅಂದರೆ ಮೂಳೆ ಎಲ್ಲಿ ಅಂತ ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಅಣ್ಣತಮ್ಮಂದಿರ ಜಗಳದಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯಾ ಅಂತ ವಾಲಿ ಕೇಳಿದ್ದಕ್ಕೆ ಲ್ಯಾಬಿನಲ್ಲಿ ಉತ್ತರ ಇಲ್ಲ. ಆ ಪ್ರಶ್ನೆ ಸಗಣಿಯಿಂದ ಸಣ್ಣದಾಗುವುದೂ ಇಲ್ಲ. ನೀವು ಮೆಟ್ಟಿಲು ಹತ್ತಿ ಹನುಮಂತನ ಎದುರು ನಿಂತಾಗ ಮನಸ್ಸಿಗೆ ಧೈರ್ಯ ಬರುತ್ತದೆ ಅಂದರೆ ಅದಕ್ಕೆ ನೀವೇ ಸಾಕ್ಷಿ, ಬೇರೆಯವರು ಬೇಕಿಲ್ಲ. ಆ ಬೆಟ್ಟದ ಮಂಗ ಹನುಮಂತನ ವಂಶದ್ದು ಅಂತ ಜೀವಶಾಸ್ತ್ರದ ಪರೀಕ್ಷೆಯಲ್ಲಿ ಬರೆದರೆ ಮಾತ್ರ ನಾನು ಸೊನ್ನೆ ಕೊಡುತ್ತೇನೆ.

ವಿದ್ಯಾವಂತರು ನಡುವಿನ ಒಂದು ದಾರಿ ಹಿಡಿಯುತ್ತಾರೆ. ದಶಾವತಾರವೇ ವಿಕಾಸವಾದ ಅನ್ನುವ ವಾಟ್ಸಾಪ್ ಮೆಸೇಜು ನಿಮಗೂ ಬಂದಿರುತ್ತದೆ. ಮೀನು ಆಯಿತು, ಆಮೆ ಆಯಿತು, ಹಂದಿ ಆಯಿತು. ಆಮೇಲೆ ಅರ್ಧ ಸಿಂಹ ಅರ್ಧ ಮನುಷ್ಯ, ಅಲ್ಲಿಗೆ ಲೆಕ್ಕ ತಪ್ಪಿತು. ನಮ್ಮ ಪೂರ್ವಜರ ಸಾಲಿನಲ್ಲಿ ಆಮೆಯೂ ಇಲ್ಲ, ಹಂದಿಯೂ ಇಲ್ಲ, ಸಿಂಹವಂತೂ ಇಲ್ಲವೇ ಇಲ್ಲ. ನರಸಿಂಹನ ಕಥೆ ಹೇಳುವುದು ಒಬ್ಬ ಹುಡುಗನ ನಂಬಿಕೆ ಮತ್ತು ಅಪ್ಪನ ಅಹಂಕಾರದ ಬಗ್ಗೆ. ಅದನ್ನು ಪಳೆಯುಳಿಕೆಯ ಪಾಠ ಮಾಡಿದರೆ ಕಥೆಯೂ ಕೆಟ್ಟಿತು, ಪಾಠವೂ ಕೆಟ್ಟಿತು.

ಪಾಠ ಅಂದಾಗ ನೆನಪಾಯಿತು. 2023ರಲ್ಲಿ ಎನ್‌ಸಿಇಆರ್‌ಟಿಯವರು ಹತ್ತನೇ ತರಗತಿಯ 'ಅನುವಂಶೀಯತೆ ಮತ್ತು ವಿಕಾಸ' ಅನ್ನುವ ಅಧ್ಯಾಯದಿಂದ ವಿಕಾಸವನ್ನು ತೆಗೆದರು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬೇಡ ಅಂತ ಸಹಿ ಹಾಕಿದರು. ಪಿಯುಸಿಯಲ್ಲಿ ಜೀವಶಾಸ್ತ್ರ ತಗೊಂಡವರು ಮಾತ್ರ ಈಗ ಅದನ್ನು ಓದುತ್ತಾರೆ. ಕಾಮರ್ಸ್‌ಗೆ ಹೋದ ಹುಡುಗಿ, ಐಟಿಐ ಸೇರಿದ ಹುಡುಗ ತಾವು ಎಲ್ಲಿಂದ ಬಂದವರು ಅಂತ ಓದದೆಯೇ ಶಾಲೆ ಮುಗಿಸುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ.

ಇನ್ನು ನಾನು ಏನು ನಂಬುತ್ತೇನೆ. ಮೇಲೆ ಕೂತು ಒಬ್ಬ ಲೋಕ ನಡೆಸುತ್ತಿದ್ದಾನೆ ಅಂತ ನನಗೆ ಅನ್ನಿಸಿಲ್ಲ. ಹಾಗೆ ಅನ್ನಿಸಿದವರೆಲ್ಲ ದಡ್ಡರು ಅಂತಲೂ ಅನ್ನಿಸಿಲ್ಲ. ಜೀವಶಾಸ್ತ್ರದಲ್ಲಿ ಯಾವುದಕ್ಕೂ ವಿಕಾಸದ ಬೆಳಕಿಲ್ಲದೆ ಅರ್ಥವೇ ಇಲ್ಲ ಅಂತ 1973ರಲ್ಲಿ ಬರೆದ ಜೀವವಿಜ್ಞಾನಿ ಡಾಬ್ಜಾನ್‌ಸ್ಕಿ ಸ್ವತಃ ದೈವಭಕ್ತರು. ಕೊಪ್ಪಳದ ಗವಿಮಠದ ಜಾತ್ರೆಗೆ ನಾನೂ ಹೋಗುತ್ತೇನೆ. ಹಳ್ಳಿ ಹಳ್ಳಿಯಿಂದ ಬುಟ್ಟಿಗಟ್ಟಲೆ ಜೋಳದ ರೊಟ್ಟಿ ಬರುತ್ತವೆ. ಬಡಿದವರು ಯಾರು, ತಿನ್ನುವವರು ಯಾರು, ಒಬ್ಬರಿಗೊಬ್ಬರು ಗೊತ್ತಿಲ್ಲ. ನನ್ನ ವೃತ್ತಿಯ ಕಣ್ಣಿಗೆ ಇದು ದೊಡ್ಡ ಸೋಜಿಗ. ರಕ್ತಸಂಬಂಧ ಇಲ್ಲದ ಸಾವಿರಾರು ಪ್ರಾಣಿಗಳು ಒಂದು ಕಡೆ ಸೇರಿ, ಕಚ್ಚಾಡದೆ, ಒಂದರ ಆಹಾರ ಇನ್ನೊಂದಕ್ಕೆ ಕೊಡುವುದು ಮನುಷ್ಯನನ್ನು ಬಿಟ್ಟರೆ ಕಾಣುವುದು ತೀರಾ ಅಪರೂಪ. ಅಷ್ಟು ಚಿಂಪಾಂಜಿಗಳನ್ನು ಒಂದು ಬಯಲಿನಲ್ಲಿ ಬಿಟ್ಟರೆ ಸಂಜೆಗೆ ಹೆಣ ಬೀಳುತ್ತವೆ. ಗುರುತಿಲ್ಲದವರನ್ನೂ ನಮ್ಮವರು ಅಂದುಕೊಳ್ಳುವ ಈ ಗುಣ ಬೆಳೆಯಲು ಧರ್ಮದ ಆಚರಣೆಗಳು ಸಹಾಯ ಮಾಡಿದವು ಅಂತ ವಾದಿಸುವ ವಿಜ್ಞಾನಿಗಳು ಇದ್ದಾರೆ. ಅದರಲ್ಲಿ ಹುರುಳಿದೆ ಅಂತ ನನಗೆ ಅನ್ನಿಸುತ್ತದೆ. ಅದೇ ಆಚರಣೆ 'ಅವರು ನಮ್ಮವರಲ್ಲ' ಅಂತ ಗೆರೆ ಎಳೆಯಲೂ ಅಷ್ಟೇ ಸಹಾಯ ಮಾಡಿದೆ, ಅದನ್ನೂ ಮರೆಯಬಾರದು.

ಸತ್ತವರನ್ನು ಸುಮ್ಮನೆ ಬಿಟ್ಟುಬಿಡದ ಗುಣವೂ ನಮ್ಮದು ತುಂಬಾ ಹಳೆಯದು. ಕೆನ್ಯಾದ ಒಂದು ಗವಿಯಲ್ಲಿ 78 ಸಾವಿರ ವರ್ಷ ಹಿಂದೆ ಸುಮಾರು ಮೂರು ವರ್ಷದ ಮಗುವೊಂದನ್ನು ಗುಂಡಿ ತೋಡಿ, ಮಗ್ಗುಲಿಗೆ ಮಲಗಿಸಿ, ಮುದುರಿದ ಕಾಲಿನಲ್ಲೇ ಹೂಳಿದ್ದಾರೆ. ತಲೆಯ ಕೆಳಗೆ ದಿಂಬಿನಂಥ ಏನೋ ಇಟ್ಟಿದ್ದಿರಬೇಕು, ಅದು ಕೊಳೆತು ಹೋದ ಮೇಲೆ ತಲೆ ವಾಲಿದೆ. ನಿಮ್ಮ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದಲ್ಲಿ ಸುಮಾರು 400 ಕಲ್ಲಿನ ಸಮಾಧಿಗಳು ಇವೆಯಲ್ಲ, ಎರಡು ಸಾವಿರ ವರ್ಷಕ್ಕೂ ಹಳೆಯವು. ಕಲ್ಲಿನ ಹಲಗೆ ನಿಲ್ಲಿಸಿ, ಮೇಲೆ ಹಲಗೆ ಮುಚ್ಚಿ, ಕೆಲವಕ್ಕೆ ಒಂದು ದುಂಡನೆ ಕಿಂಡಿ ಕೊರೆದಿದ್ದಾರೆ. ಅವು ಗಿಡ್ಡ ಜನರಾದ ಮೊರೆಯರ ಮನೆಗಳು ಅಂತ ಊರವರು ಹೇಳುತ್ತಾರೆ. ಗಿಡ್ಡವರೇನಲ್ಲ, ನಮ್ಮಷ್ಟೇ ಎತ್ತರದವರು, ಸತ್ತವರಿಗಾಗಿ ಕಟ್ಟಿದ್ದು. ಮಗನನ್ನು ಕರೆದುಕೊಂಡು ಒಮ್ಮೆ ಹತ್ತಿ ಬನ್ನಿ. ಬೇಸಿಗೆಯಲ್ಲಿ ಬೇಡ, ಬಂಡೆ ಕಾಯುತ್ತದೆ. ಕುಡಿಯುವ ನೀರು ನೀವೇ ಒಯ್ಯಬೇಕು.

ವಿಜ್ಞಾನದ ಕಡೆಯವರೂ ಸಾಚಾ ಅಲ್ಲ, ಮಗನಿಗೆ ಇದನ್ನೂ ಹೇಳಿ. ಡಾರ್ವಿನ್ ಹೆಸರು ಹೇಳಿಕೊಂಡೇ 'ಕೀಳು' ಜನ ಮಕ್ಕಳನ್ನು ಹೆರಬಾರದು ಅಂತ ಅಮೆರಿಕದಲ್ಲಿ ಕಾನೂನು ಮಾಡಿದರು. 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒತ್ತಾಯದ ಸಂತಾನಹರಣಕ್ಕೆ ಒಪ್ಪಿಗೆ ಕೊಟ್ಟಿತು. ಅದು ವಿಕಾಸವಾದ ಹೇಳಿದ ಮಾತಲ್ಲ, ಅದರ ಅಂಗಿ ತೊಟ್ಟ ಅಹಂಕಾರ. ನಮ್ಮಲ್ಲಿ ಅದಕ್ಕೆ ಬೇರೆ ಅಂಗಿ ಇದೆ. ರಕ್ತ ಶುದ್ಧ, ಕುಲ ಶುದ್ಧ ಅನ್ನುವವರಿಗೆ ರಕ್ತವೇ ಉತ್ತರ ಕೊಟ್ಟಿದೆ. ಹೈದರಾಬಾದಿನ ಜೀವವಿಜ್ಞಾನ ಸಂಸ್ಥೆ ಸಿಸಿಎಂಬಿ ಮತ್ತು ಅಮೆರಿಕದ ಹಾರ್ವರ್ಡ್ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4,200ರಿಂದ 1,900 ವರ್ಷ ಹಿಂದಿನವರೆಗೆ ಈ ದೇಶದ ಜನ ಚೆನ್ನಾಗಿ ಬೆರೆತಿದ್ದಾರೆ. ಮೇಲಿನವರು ಕೆಳಗಿನವರು ಅನ್ನಿಸಿಕೊಂಡವರೆಲ್ಲರ ಜೀನಿನಲ್ಲೂ ಆ ಬೆರಕೆ ಇದೆ. ತಮ್ಮ ತಮ್ಮಲ್ಲೇ ಮದುವೆ ಅನ್ನುವ ಬಾಗಿಲು ಹಾಕಿಕೊಂಡಿದ್ದು ಆಮೇಲೆ.

ಮುಂದೆ ಮನುಷ್ಯ ಏನಾಗ್ತಾನೆ ಅಂದಿರಿ. ದೊಡ್ಡ ತಲೆ, ಸಣ್ಣ ಕಾಲು ಅಂತ ಚಿತ್ರ ಬರೆಯುವವರನ್ನು ನಂಬಬೇಡಿ. ವಿಕಾಸ ನಿಂತಿಲ್ಲ, ಆದರೆ ಅದು ಕೆಲಸ ಮಾಡುತ್ತಿದ್ದ ದೊಡ್ಡ ದಾರಿ, ಅಂದರೆ ಎಳೆಯ ಮಕ್ಕಳ ಸಾವು, ಕಿರಿದಾಗಿದೆ. 1951ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 146 ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 2020ರಲ್ಲಿ ಅದು 28ಕ್ಕೆ ಇಳಿದಿದೆ. ಲಸಿಕೆ, ಓಆರ್‌ಎಸ್, ಚೊಕ್ಕ ಹೆರಿಗೆ ಮಾಡಿದ ಕೆಲಸ ಇದು. ಜೀನನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ 2012ರಲ್ಲಿ ಬಂತು. ಕುಡಗೋಲು ರಕ್ತಕಣದ (ಸಿಕಲ್ ಸೆಲ್) ಕಾಯಿಲೆಗೆ ಅದರಿಂದ ಮಾಡಿದ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಇದಕ್ಕೂ ಮೊದಲು, 2018ರಲ್ಲಿ, ಚೀನಾದ ಒಬ್ಬ ವಿಜ್ಞಾನಿ ಹುಟ್ಟುವ ಮಕ್ಕಳ ಜೀನನ್ನೇ ತಿದ್ದಿ ಜೈಲಿಗೆ ಹೋದ. ರೋಗಿಯ ರಕ್ತ ತಿದ್ದುವುದಕ್ಕೂ, ಮಕ್ಕಳು ಮೊಮ್ಮಕ್ಕಳಿಗೆ ಇಳಿಯುವಂತೆ ತಿದ್ದುವುದಕ್ಕೂ ನಡುವೆ ಇರುವ ಗೆರೆಯನ್ನು ಸದ್ಯಕ್ಕೆ ದಾಟಬಾರದು ಅನ್ನುವವರ ಪಕ್ಷ ನಾನು. ಎಐ ಬಗ್ಗೆ ನನಗೆ ಅಂಥ ಭಯ ಇಲ್ಲ, ಅದು ಬೇರೆಯವರು ಬರೆಯಲಿ.

ನನ್ನ ಭಯ ವೇಗದ್ದು. ತುಂಗಭದ್ರಾ ಅಣೆಕಟ್ಟೆ ಮುಗಿದಾಗ 132 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ನಿಮ್ಮ ಮಿಲ್ಲಿಗೆ ಬರುವ ಭತ್ತವೆಲ್ಲ ಆ ನೀರಿನದೇ. ಇದೆಲ್ಲ ಆಗಿದ್ದು ಎಪ್ಪತ್ತು ವರ್ಷದಲ್ಲಿ, ಅಂದರೆ ಮೂರು ತಲೆಮಾರು. ಮೂರು ತಲೆಮಾರಿನಲ್ಲಿ ಮೈ ಏನೂ ಬದಲಾಗುವುದಿಲ್ಲ. ಜಾಸ್ತಿ ಬಿಸಿಲು ತಡೆಯುವ, ಕಡಿಮೆ ನೀರಲ್ಲಿ ಬದುಕುವ ಮನುಷ್ಯ ಹುಟ್ಟಲಿ ಅಂತ ಕಾಯುವ ಹಾಗಿಲ್ಲ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಸಾವಿರಾರು ವರ್ಷ ಹಿಂದೆ ಕಲ್ಲಿನ ಕೊಡಲಿ ಮಾಡುತ್ತಿದ್ದ ಜನ ಕೊರಲೆ, ಹುರಳಿ, ಹೆಸರು ಬೆಳೆದು ಈ ಒಣ ಸೀಮೆಯಲ್ಲೇ ನೂರಾರು ವರ್ಷ ಬದುಕಿದರು. ಅವರ ಮೈ ನಮ್ಮದೇ ಮೈ, ಬೆಳೆ ಬೇರೆ.

ಮುಂದಿನ ತಲೆಮಾರಿನ ಜೀನಿನ ವಿಷಯದಲ್ಲಿ ನಿಮ್ಮ ಮನೆಯ ಮಟ್ಟಿಗೆ ನಿಮ್ಮ ಕೈಯಲ್ಲೇ ಇರುವುದು ಒಂದಿದೆ, ನೀವು ಕೇಳದಿದ್ದರೂ ಹೇಳುತ್ತೇನೆ. ನಮ್ಮ ಕಡೆ ಅಕ್ಕನ ಮಗಳನ್ನು, ಸೋದರತ್ತೆ ಮಗಳನ್ನು ತರುವ ರೂಢಿ ಇನ್ನೂ ಇದೆ. ಆಸ್ತಿ ಹೊರಗೆ ಹೋಗಲ್ಲ, ಹುಡುಗಿ ಗೊತ್ತಿರುವವಳು ಅನ್ನುತ್ತಾರೆ. ರೂಢಿ ಇದ್ದ ಕಡೆ ಕಾನೂನೂ ತಡೆಯುವುದಿಲ್ಲ. ಆದರೆ ಸೋದರಮಾವ ಮತ್ತು ಅಕ್ಕನ ಮಗಳ ಜೀನುಗಳಲ್ಲಿ ನಾಲ್ಕನೇ ಒಂದು ಪಾಲು ಒಂದೇ ಮೂಲದ್ದು. ಸೋದರತ್ತೆ ಮಗಳಾದರೆ ಎಂಟನೇ ಒಂದು ಪಾಲು. ಒಬ್ಬರಲ್ಲಿ ಇದ್ದರೆ ಏನೂ ತೊಂದರೆ ಕೊಡದ ಕೆಟ್ಟ ಜೀನು, ಅಪ್ಪ-ಅಮ್ಮ ಇಬ್ಬರಿಂದಲೂ ಬಂದಾಗ ಮಗುವಿಗೆ ಹುಟ್ಟುಕಿವುಡು, ರಕ್ತದ ಕಾಯಿಲೆ, ಬುದ್ಧಿ ಬೆಳವಣಿಗೆಯ ತೊಂದರೆ ತರಬಹುದು. ಹುಟ್ಟಿನಿಂದ ಬರುವ ಊನ ಸಾಮಾನ್ಯ ದಂಪತಿಗಳ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು. ಸೋದರತ್ತೆ-ಸೋದರಮಾವನ ಮಕ್ಕಳು ಮದುವೆಯಾದರೆ ಅದು ಸುಮಾರು ಎರಡು ಪಟ್ಟು, ಅಕ್ಕನ ಮಗಳಾದರೆ ಅಪಾಯ ಇನ್ನೂ ಜಾಸ್ತಿ. ಇದು ಯಾವ ದೇವರೂ ಹೇಳಿದ ಕಟ್ಟಳೆ ಅಲ್ಲ, ಬಿಟ್ಟರೆ ಯಾರಿಗೂ ಸಿಟ್ಟು ಬರುವುದಿಲ್ಲ. ನಿಮ್ಮ ಮನೆಯಲ್ಲಿ ಎರಡು ಮೂರು ತಲೆಮಾರಿನಿಂದ ಇಂಥ ಸಂಬಂಧ ನಡೆದಿದ್ದರೆ ಮಗನಿಗೆ ಹೊರಗಿನ ಹೆಣ್ಣು ನೋಡಿ. ಈಗಾಗಲೇ ಆಗಿಹೋದ ಮದುವೆ ಆಗಿದ್ದರೆ ಬಸುರಿಗೆ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್ (ವಂಶದ ಕಾಯಿಲೆಗಳ ಬಗ್ಗೆ ಸಲಹೆ) ಇರುವ ಆಸ್ಪತ್ರೆಗೆ ಇಬ್ಬರೂ ಹೋಗಲಿ, ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆಗೆ ರಕ್ತಪರೀಕ್ಷೆ ಮಾಡಿಸಲಿ. ಮಗು ಹುಟ್ಟಿದ ತಿಂಗಳೊಳಗೆ ಕಿವಿ ಪರೀಕ್ಷೆ ಆಗಬೇಕು. ಕಿವಿ ಕೇಳುವುದಿಲ್ಲ ಅಂತ ಎರಡು ವರ್ಷ ಕಳೆದ ಮೇಲೆ ಗೊತ್ತಾದರೆ ಮಾತು ಕಲಿಯುವ ಕಾಲವೇ ಜಾರಿರುತ್ತದೆ.